ಕುರ್ಚಿ ಕಾಲಿನ ಪಕ್ಕದ ಗುರುತು

ಹಳೆಯ ತೈಲಚಿತ್ರಗಳನ್ನು ದುರಸ್ತಿ ಮಾಡುವುದು ನನ್ನ ಕೆಲಸ. ಚಿತ್ರಶಾಲೆಯ ಹಿಂಭಾಗದಲ್ಲಿ, ಉತ್ತರಕ್ಕೆ ಕಿಟಕಿಯಿರುವ ಕೋಣೆಯಲ್ಲಿ, ಹಣೆಗೆ ಭೂತಗನ್ನಡಿ ಕಟ್ಟಿಕೊಂಡು ಕೂರುತ್ತೇನೆ. ಬಿಳಿ ಕೋಟು ಹಾಕುವುದರಿಂದ ಎಲ್ಲರೂ ನನ್ನನ್ನು ಡಾಕ್ಟರಮ್ಮ ಎನ್ನುತ್ತಾರೆ. ಮೂಗಿನ ತುದಿಯಲ್ಲೇ ಕೋಪ ಎಂದೂ ಅನ್ನುತ್ತಾರಂತೆ, ನನ್ನೆದುರಿಗೆ ಮಾತ್ರ ಇಲ್ಲ.

ಈ ಕಸುಬಿಗೆ ಒಂದು ನಿಯಮವಿದೆ. ನಾವು ಏನು ಮಾಡಿದರೂ, ಮುಂದೆ ಬರುವವರು ಬೇಕೆಂದರೆ ಅದನ್ನು ತೆಗೆದುಹಾಕುವಂತಿರಬೇಕು. ಬಿರುಕು, ತಗ್ಗುಗಳಿಗೆ ತುಂಬುವ ಪುಟ್ಟಿ ನೀರಿಗೆ ಕರಗಬೇಕು, ಮೇಲೆ ಹಚ್ಚುವ ಬಣ್ಣ ಒರೆಸಿದರೆ ಹೋಗಬೇಕು. ಕೆಲಸ ಕಲಿಯಲು ಬಂದವರಿಗೆಲ್ಲ ಇದನ್ನು ಕಿವಿ ತೂತಾಗುವಷ್ಟು ಸಲ ಹೇಳಿದ್ದೇನೆ. ಹೇಳಿದ್ದನ್ನು ನಾನೇ ಒಂದು ಸಲ ಮರೆತೆ.

ಆ ಚಿತ್ರದಲ್ಲಿ ಐದಾರು ವರ್ಷದ ಹುಡುಗಿ ಕುರ್ಚಿಯ ಮೇಲೆ ಕೂತಿದ್ದಾಳೆ. ನೀಲಿ ಫ್ರಾಕು. ಒಂದು ಕಾಲಿಗೆ ಶೂ ಇದೆ, ಇನ್ನೊಂದು ಕಾಲು ಬರಿಗಾಲು. ಆ ಕಾಲಿನ ಶೂವನ್ನು ಕೈಯಲ್ಲಿ ಹಿಡಿದು ಕಿವಿಗೆ ಆನಿಸಿಕೊಂಡಿದ್ದಾಳೆ. ಹಿಂದೆ ಅರ್ಧ ತೆರೆದ ಬಾಗಿಲು, ಅದರಾಚೆ ಕತ್ತಲೆ. ಬರೆದವರು ಅವಳ ಅಪ್ಪ. ಅವರು ತೀರಿಹೋಗಿ ಮೂವತ್ತು ವರ್ಷವಾಗಿತ್ತು. ಅವರ ಹೆಂಡತಿ ಚಿತ್ರವನ್ನು ನಮಗೆ ಕೊಟ್ಟಿದ್ದರು.

ಬಾಲ್ಯದ ಮುಗ್ಧತೆ ಎಂಬ ವಿಷಯ ಇಟ್ಟುಕೊಂಡು ನಮ್ಮಲ್ಲಿ ಪ್ರದರ್ಶನ ಏರ್ಪಾಡಾಯಿತು. ಚಿತ್ರಗಳ ಪಕ್ಕ ಅಂಟಿಸುವ ವಿವರಣೆ ಬರೆಯುವವರು ನಮ್ಮ ಮೇಷ್ಟ್ರು. ಒಳ್ಳೆಯ ಮನುಷ್ಯ. ಆದರೆ ಒಂದು ಖಾಲಿ ತಟ್ಟೆಯ ಚಿತ್ರ ಕೊಟ್ಟರೂ ಎರಡು ಪುಟ ಬರೆದಾರು. ಬರಿಗಾಲು ಎಂದರೆ ಸ್ವಾತಂತ್ರ್ಯವಂತೆ, ಬಾಗಿಲಾಚೆಯ ಕತ್ತಲೆ ಎಂದರೆ ದೊಡ್ಡವರ ಲೋಕವಂತೆ. ಶೂವಿನೊಳಗಿಂದ ಮಗು ಯಾರಿಗೂ ಕೇಳಿಸದ ಸಂಗೀತವನ್ನು ಕೇಳುತ್ತಿದೆಯಂತೆ. ನಾನು ಕೇಳಿ ನಕ್ಕೆ. ಚಿತ್ರವನ್ನು ಗೇಣುದ್ದ ದೂರದಿಂದ ನೋಡುವವಳು ನಾನು, ದೂರ ನಿಂತು ಕಥೆ ಕಟ್ಟುವವರು ಇವರು ಎಂಬ ಜಂಬ ನನಗೆ ಸಾಕಷ್ಟಿತ್ತು.

ಕುರ್ಚಿಯ ಮುಂಗಾಲಿನ ಪಕ್ಕ, ಬೂದುಬಣ್ಣದ ನೆಲದಲ್ಲಿ, ಅವರೇಕಾಳಿನಷ್ಟು ದೊಡ್ಡ ಒಂದು ತಗ್ಗು ಇತ್ತು. ಹಸಿ ಬಣ್ಣಕ್ಕೆ ಯಾರೋ ಬೆರಳು ಒತ್ತಿದ್ದರು.

"ಇದೊಂದು ಕಣ್ಣಿಗೆ ಹೊಡೀತಿದೆ ಡಾಕ್ಟರಮ್ಮ. ಮಗು ಮುಖದ ಮೇಲೆ ನಿಲ್ಲೋ ಕಣ್ಣು ಸೀದಾ ಇಲ್ಲಿಗೇ ಬರುತ್ತೆ" ಎಂದರು ಮೇಷ್ಟ್ರು.

ಭೂತಗನ್ನಡಿಯಲ್ಲಿ ನೋಡಿದೆ. ತಗ್ಗಿನೊಳಗೆ ಬೆರಳಿನ ಗೆರೆಗಳಿದ್ದವು. ಬಣ್ಣ ಹಸಿಯಿರುವಾಗಲೇ ಚಿತ್ರ ಸಾಗಿಸಿದ ಯಾವನೋ ಹಮಾಲಿಯ ಅವಸರದ ಬೆರಳು ಎಂದುಕೊಂಡೆ. ಕೊಟ್ಟವರನ್ನು ಒಂದು ಮಾತು ಕೇಳಬಹುದಿತ್ತು. ಬೆರಳು ಎಷ್ಟು ಚಿಕ್ಕದು ಎಂದಾದರೂ ಯೋಚಿಸಬಹುದಿತ್ತು. ಪ್ರದರ್ಶನಕ್ಕೆ ಹತ್ತೇ ದಿನ ಉಳಿದಿತ್ತು, ಇನ್ನೂ ಆರು ಚಿತ್ರ ನನ್ನ ಮೇಜಿನ ಮೇಲಿದ್ದವು. ಬೆರಳಗೆರೆಯ ಉಬ್ಬುಗಳ ಮೇಲೆ ಪುಟ್ಟಿ ಸಮವಾಗಿ ಕೂರುವುದಿಲ್ಲ. ಹಾಗಾಗಿ ಬ್ಲೇಡು ತೆಗೆದುಕೊಂಡು ಗೆರೆಗಳನ್ನು ನವಿರಾಗಿ ಹೆರೆದುಹಾಕಿದೆ. ಉದುರಿದ ಬಣ್ಣ ಒಂದು ಚಿಟಿಕೆಯೂ ಇರಲಿಲ್ಲ, ಬ್ರಷ್ಷಿನಿಂದ ಗುಡಿಸಿದೆ. ಪುಟ್ಟಿ ತುಂಬಿ ಬಣ್ಣ ಹೊಂದಿಸಿದೆ. ಮಾರನೆಯ ದಿನ ಆ ಜಾಗ ನನಗೇ ಸಿಗಲಿಲ್ಲ. ಅವತ್ತು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಪ್ರದರ್ಶನದ ಹಿಂದಿನ ದಿನ ಬೆಳಿಗ್ಗೆ ಆ ಹುಡುಗಿಯ ತಾಯಿ ಬಂದರು. ಎಂಬತ್ತು ದಾಟಿತ್ತು. ಕಣ್ಣು ಹೆಚ್ಚುಕಡಿಮೆ ಹೋಗಿತ್ತು, ಬೆಳಕು ಯಾವ ಕಡೆಗಿದೆ ಎಂಬುದಷ್ಟೇ ತಿಳಿಯುತ್ತಿತ್ತಂತೆ. ಚಿತ್ರವನ್ನು ಒಂದು ಸಲ ಮುಟ್ಟಿ ನೋಡಬೇಕು ಎಂದು ಪತ್ರ ಬರೆಸಿದ್ದರು, ಮೇಲಿನವರು ಒಪ್ಪಿದ್ದರು. ನನಗೆ ಮೈಯೆಲ್ಲ ಉರಿಯಿತು. ನಾನು ಉಸಿರು ಬಿಗಿಹಿಡಿದು ಕೆಲಸ ಮಾಡಿದ ಚಿತ್ರವನ್ನು ಯಾರೋ ಬಂದು ತಡವುವುದೆಂದರೇನು! ಚಿತ್ರವನ್ನು ಮೇಜಿನ ಮೇಲೆ ಮಲಗಿಸಿ, ಪಕ್ಕದಲ್ಲೇ ಕಾವಲು ನಿಂತೆ. ಹತ್ತಿಯ ಕೈಗವಸು ಕೊಟ್ಟೆ.

"ಇದು ಬೇಡ ತಾಯಿ. ಇದು ಹಾಕ್ಕೊಂಡ್ರೆ ನಾನು ಬಂದಿದ್ದೇ ದಂಡ" ಎಂದು ಅದನ್ನು ಮಡಿಲಲ್ಲಿ ಇಟ್ಟುಕೊಂಡರು.

ಮೇಷ್ಟ್ರು ತಮ್ಮ ವಿವರಣೆಯನ್ನು ಓದಿ ಹೇಳಿದರು. ಆಕೆ ಪೂರ್ತಿ ಕೇಳಿಸಿಕೊಂಡರು.

"ಚೆನ್ನಾಗಿ ಬರೆದಿದ್ದೀರಪ್ಪ. ಆದರೆ ಸಂಗೀತ ಗಿಂಗೀತ ಏನಿಲ್ಲ. ಚಿತ್ರ ಶುರುವಾಗೋ ಹಿಂದಿನ ದಿನ ಶೂ ಒಳಗಿದ್ದ ಇರುವೆ ಕಚ್ಚಿತ್ತು ಅವಳಿಗೆ. ಆಮೇಲೆ ಹಾಕ್ಕೊಳ್ಳೋ ಮುಂಚೆ ಇರುವೆ ಇದೆಯಾ ಅಂತ ಕಿವಿ ಇಟ್ಟು ಕೇಳೋಳು. ಇದ್ದರೆ ಮಾತಾಡ್ತವೆ ಅಂತಿದ್ದಳು."

ಮೇಷ್ಟ್ರು ಕಾಗದ ಮಡಚಿದರು. ನನಗೆ ಒಳಗೊಳಗೇ ಖುಷಿಯಾಯಿತು. ಆ ಖುಷಿಗೆ ಆಯಸ್ಸು ಒಂದು ನಿಮಿಷವೂ ಇರಲಿಲ್ಲ.

ಆಕೆಯ ಬೆರಳು ಫ್ರಾಕಿನ ಅಂಚಿನಿಂದ ಮೆಲ್ಲಗೆ ಕೆಳಗಿಳಿಯುತ್ತಿತ್ತು.

"ಮುಟ್ಟಬೇಡ, ಇನ್ನೂ ಒಣಗಿಲ್ಲ ಅಂತ ನಮ್ಮ ಯಜಮಾನರು ಅವಳಿಗೆ ಹೇಳಿದ್ದರು. ಮುಟ್ಟಬೇಡ ಅಂದ್ರೆ ಬಿಡುತ್ತಾ ಮಗು? ಕೆಳಗಡೆ ಒಂದು ಬೆರಳು ಒತ್ತೇಬಿಟ್ಟಳು. ಇವರಿಗೆ ಸಿಟ್ಟು ಬಂದು ಹೊಡೆದುಬಿಟ್ಟರು. ಅವಳಿಗೆ ಅವರು ಹೊಡೆದಿದ್ದು ಅದೊಂದೇ ಸಲ. ಹನ್ನೊಂದನೇ ದಿನಕ್ಕೆ ಜ್ವರದಲ್ಲಿ ಹೋದಳು." ಆಕೆಯ ಬೆರಳು ಕುರ್ಚಿಯ ಅಂಚಿಗೆ ಬಂತು. "ಫೋಟೋ ತೆಗೆಸಿರಲಿಲ್ಲ. ಮುಖ ಇವರು ಬರೆದಿದ್ದು ಅಲ್ವಾ, ಇವರ ಕಣ್ಣಿಗೆ ಕಂಡ ಹಾಗೆ ಬರೆದರು. ಇದೊಂದು ಮಾತ್ರ ಅವಳೇ ಮಾಡಿದ್ದು. ಸಾಯೋತನಕ ಇವರು ಅದರ ಮೇಲೆ ಬ್ರಷ್ಷು ಇಡಲಿಲ್ಲ."

ತಡೆಯಲು ಕೈ ಚಾಚಿದೆ, ತಡವಾಗಿತ್ತು. ಬೆರಳು ಕುರ್ಚಿಯ ಕಾಲನ್ನು ಹಿಡಿದು ನೆಲಕ್ಕೆ ಇಳಿಯಿತು. ಅಲ್ಲಿ ನಿಂತಿತು. ಆಚೆ ಹೋಯಿತು, ಈಚೆ ಬಂತು, ಮತ್ತೆ ಕುರ್ಚಿಯಿಂದ ಶುರು ಮಾಡಿತು.

"ಇಲ್ಲೇ ಇತ್ತಲ್ಲ."

ಮೇಷ್ಟ್ರ ಮುಖ ಬಿಳಿಚಿಕೊಂಡಿತ್ತು. ಸುಮ್ಮನಿರಿ ಎಂದು ನನಗೆ ಕೈಸನ್ನೆ ಮಾಡಿ, "ಅಮ್ಮಾ, ಇನ್ನೊಂದು ಪಕ್ಕದಲ್ಲಿ ಇತ್ತೇನೋ. ಬಹಳ ವರ್ಷ ಆಯ್ತಲ್ಲ" ಎಂದರು.

"ಹಾಗಂತೀರಾ?" ಆಕೆ ಇನ್ನೊಂದು ಪಕ್ಕ ತಡವಿದರು. ಅಲ್ಲೂ ಸಿಗಲಿಲ್ಲ. "ನಂಗೇ ಮರೆತುಹೋಯ್ತಾ? ಅಯ್ಯೋ, ಇದನ್ನೂ ಮರೆತೆನಾ ನಾನು?" ಎಂದು ಹಣೆಗೆ ಕೈ ಇಟ್ಟುಕೊಂಡರು.

ಇನ್ನು ಬಾಯಿ ಮುಚ್ಚಿಕೊಂಡಿರಲು ನನ್ನಿಂದಾಗಲಿಲ್ಲ.

"ನೀವು ಮರೆತಿಲ್ಲಮ್ಮಾ. ಅಲ್ಲೇ ಇತ್ತು. ನಾನು ಮುಚ್ಚಿದೆ."

ಆಕೆ ನನ್ನ ಕಡೆ ತಿರುಗಿದರು. ಬೈಯಲಿಲ್ಲ. "ತೆಗೆಯೋಕೆ ಆಗುತ್ತಾ?" ಎಂದು ಕೇಳಿದರು.

ಹತ್ತಿಯನ್ನು ಒದ್ದೆ ಮಾಡಿ ಬಣ್ಣ ಒರೆಸಿದೆ, ಪುಟ್ಟಿ ಕರಗಿಸಿದೆ. ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಆಕೆ ಮೇಜಿನ ಅಂಚು ಹಿಡಿದುಕೊಂಡು ಕೂತಿದ್ದರು. ತಗ್ಗು ಹೊರಬಂತು. ಒಣಗಿಸಿ, ಆಕೆಯ ಬೆರಳನ್ನು ಹಿಡಿದು ಅದರ ಮೇಲೆ ಇಟ್ಟೆ.

ಆಕೆಯ ಮುಖ ಅರಳಿತು. ಬೆರಳ ತುದಿಯನ್ನು ಒಳಗೆ ಮೆಲ್ಲಗೆ ಆಡಿಸಿದರು. ಮತ್ತೊಮ್ಮೆ ಆಡಿಸಿದರು. ಆಮೇಲೆ ಉಗುರಿನಿಂದ ಮುಟ್ಟಿ ನೋಡಿದರು.

"ಗೆರೆ ಇತ್ತು ಇದರೊಳಗೆ" ಎಂದರು. "ಸಣ್ಣ ಸಣ್ಣ ಗೆರೆ. ಉಗುರಿಗೆ ಸಿಗೋದು."

"ನಾನು ಹೆರೆದುಬಿಟ್ಟೆ ಅಮ್ಮಾ. ಹೆರೆಯಬಾರದಿತ್ತು. ಯಾರೋ ಹೊರಗಿನವರದು ಅಂದ್ಕೊಂಡೆ. ಅದು ಇನ್ನು ಬರಲ್ಲ."

ಇಷ್ಟು ಹೇಳುವಷ್ಟರಲ್ಲಿ ನಾನು ಅಳುತ್ತಿದ್ದೆ. ಆಕೆ ಅಳಲಿಲ್ಲ. ಬೆರಳನ್ನೂ ತೆಗೆಯಲಿಲ್ಲ. ದುರಸ್ತಿಗೆ ಮುಂಚೆ ತೆಗೆದ ಫೋಟೋ ನಮ್ಮ ಹತ್ತಿರ ಇತ್ತು. ಅದರಲ್ಲಿ ಇಡೀ ಚಿತ್ರವಿದೆ, ತಗ್ಗು ಎಳ್ಳಿನಷ್ಟು ಕಾಣುತ್ತದೆ. ಗೆರೆ ಕಾಣುವಂತಿದ್ದರೂ ಆಕೆ ನೋಡುವುದು ಹೇಗೆ?

ಆಮೇಲೆ ಆಕೆ ಕೇಳಿದರು: "ತಾಯಿ, ನೀನು ಭೂತಗನ್ನಡಿ ಇಟ್ಟು ನೋಡಿದ್ದೀಯಲ್ವಾ?"

"ನೋಡಿದ್ದೀನಿ."

"ಅಷ್ಟು ಹತ್ತಿರದಿಂದ ನಾನೂ ನೋಡಿರಲಿಲ್ಲ, ನಮ್ಮ ಯಜಮಾನರೂ ನೋಡಿರಲಿಲ್ಲ. ಹೇಗಿದ್ದವು ಹೇಳು. ಗೆರೆ ಸುರುಳಿ ಸುತ್ತಿತ್ತಾ, ಬಿಲ್ಲಿನ ಹಾಗೆ ಬಾಗಿತ್ತಾ? ಎಡಗಡೆಗಾ, ಬಲಗಡೆಗಾ?"

ಕಣ್ಣು ಮುಚ್ಚಿ ನೆನಪು ಮಾಡಿಕೊಂಡೆ. ಪುಟ್ಟಿಯ ಹದ ನೆನಪಾಯಿತು. ನೆಲದ ಬೂದುಬಣ್ಣಕ್ಕೆ ಹಸಿರು ಎಷ್ಟು ಬೆರೆಸಿದೆ, ಕಂದು ಎಷ್ಟು ಬೆರೆಸಿದೆ ಎಂಬುದು ನೆನಪಾಯಿತು. ಬ್ಲೇಡನ್ನು ಯಾವ ಓರೆಯಲ್ಲಿ ಹಿಡಿದಿದ್ದೆ ಎಂಬುದೂ ನೆನಪಾಯಿತು. ಗೆರೆ ನೆನಪಾಗಲಿಲ್ಲ. ಅದನ್ನು ತೆಗೆಯುವುದು ಹೇಗೆ ಎಂದಷ್ಟೇ ನಾನು ನೋಡಿದ್ದೆ.

ಆಕೆ ಬೆರಳನ್ನು ತಗ್ಗಿನಲ್ಲೇ ಇಟ್ಟುಕೊಂಡು ಕಾಯುತ್ತಿದ್ದರು.

"ನಿಧಾನಕ್ಕೆ ಯೋಚನೆ ಮಾಡಿ ಹೇಳು. ನಂಗೇನೂ ಅವಸರ ಇಲ್ಲ" ಎಂದರು.