ಮುದ್ದೆಯ ಊಟ

ಮುದ್ದೆ ಊಟ ಬಿಟ್ಟು ಐದು ತಿಂಗಳಾಗಿತ್ತು. ಮುದ್ದೆ ಅಂದರೆ ಹಾವು. ಹೆದರಿದರೆ ತಲೆಯನ್ನು ಒಳಗಿಟ್ಟುಕೊಂಡು ಉಂಡೆಯಾಗುವ, ವಿಷವಿಲ್ಲದ ಬಾಲ್ ಪೈಥಾನ್ ಜಾತಿ. ತಂದ ದಿನವೇ ನಿಧಿ ಅದಕ್ಕೆ ಆ ಹೆಸರಿಟ್ಟಿದ್ದಳು. ಅಟ್ಲಾಂಟಾದಲ್ಲಿ ಹುಟ್ಟಿದ ಮಗಳಿಗೆ ರಾಗಿಮುದ್ದೆ ನೆನಪಾಯಿತಲ್ಲ ಎಂದು ಆವತ್ತು ಕಾತ್ಯಾಯಿನಿ ಹಿಗ್ಗಿದ್ದೂ ಉಂಟು.

ಈಗ ಅಟ್ಲಾಂಟಾ ಪಕ್ಕದ ಕಮ್ಮಿಂಗ್‌ನ ಆ ದೊಡ್ಡ ಮನೆಯಲ್ಲಿ ಉಳಿದದ್ದು ಕಾತ್ಯಾಯಿನಿ ಮತ್ತು ಹಾವು. ಗಂಡ ಕೇಶವಮೂರ್ತಿ ಕೋವಿಡ್ ವರ್ಷದಲ್ಲಿ ಹೋದರು. ಮಗಳು ಜನವರಿಯಲ್ಲಿ ಜಗಳವಾಡಿಕೊಂಡು ಷಾರ್ಲೆಟ್ ನಗರಕ್ಕೆ ಹೋದಳು. ಓದನ್ನು ಅರ್ಧಕ್ಕೇ ಬಿಡುತ್ತೇನೆ ಎಂದದ್ದಕ್ಕೆ ಹತ್ತಿಕೊಂಡ ಜಗಳ. ಎಲುಬಿಲ್ಲದ ನಾಲಿಗೆ ನೋಡಿ, "ನಿನ್ನ ಸಾಕಿದ್ದು ಹಾವಿಗೆ ಹಾಲೆರೆದ ಹಾಗಾಯ್ತು" ಎಂದುಬಿಟ್ಟಳು ಕಾತ್ಯಾಯಿನಿ. ಗಾದೆಗೀದೆ ತಿಳಿಯದ ಹುಡುಗಿ ಹಾವಿದ್ದ ಗಾಜಿನ ಪೆಟ್ಟಿಗೆಯನ್ನು ನೋಡಿ, ತಾಯಿಯನ್ನು ನೋಡಿದಳು. "ಹಾವು ಹಾಲು ಕುಡಿಯಲ್ಲ ಅಮ್ಮ. ಮುದ್ದೆಗೆ ಏನ್ ಬೇಕು ಅಂತ ನಂಗೆ ಗೊತ್ತು. ನಂಗೇನ್ ಬೇಕು ಅಂತ ಯು ನೆವರ್ ಆಸ್ಕ್ಡ್."

ಅವಳು ಹಿಡಿದ ಬಾಡಿಗೆ ರೂಮಿನಲ್ಲಿ ಪ್ರಾಣಿಗಳಿಗೆ ಜಾಗವಿರಲಿಲ್ಲ. ಹೊರಡುವಾಗ ಹೇಳಿದ್ದು ಇಷ್ಟು: "ತಿನ್ನೋದ್ ನಿಲ್ಸಿದ್ರೆ ಹೇಳು. ಫ್ರೆಂಡ್ ಅಮೃತ್ ಬಂದು ತಗೊಂಡ್ ಹೋಗ್ತಾನೆ."

ಆಮೇಲೆ ಫೋನಿಲ್ಲ, ಮಾತಿಲ್ಲ. ಎರಡು ವಾರಕ್ಕೊಮ್ಮೆ ಭಾನುವಾರ ಒಂದು ಮೆಸೇಜು: "ತಿಂತಾ?" ಕಾತ್ಯಾಯಿನಿ "ತಿಂತು" ಎಂದು ಬರೆದರೆ ಅದರ ಬೆನ್ನಿಗೆ ಇನ್ನೊಂದು ಸಾಲು ಬರುತ್ತಿತ್ತು. ಮಗಳಿಗೆ ಕೆಲಸ ಸಿಕ್ಕಿದ್ದು, ಜ್ವರ ಬಂದು ಬಿಟ್ಟಿದ್ದು, ಕೂದಲು ಕತ್ತರಿಸಿಕೊಂಡಿದ್ದು, ಎಲ್ಲ ತಿಳಿದದ್ದು ಆ ಇನ್ನೊಂದು ಸಾಲಿನಿಂದ. ಅದಕ್ಕಾಗಿ ಮೊಟ್ಟೆಯನ್ನೂ ಮುಟ್ಟದ ಹೆಂಗಸು ಗರಾಜಿನ ಫ್ರೀಜರಿನಿಂದ ಸತ್ತ ಇಲಿ ತೆಗೆದು, ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ, ಇಕ್ಕಳದಲ್ಲಿ ಹಿಡಿದು ಆಡಿಸುವುದನ್ನು ಕಲಿತಳು. ಬಾಯಲ್ಲಿ ಶಿವ ಶಿವ, ಕೈಯಲ್ಲಿ ಇಲಿ.

ಮೇ ತಿಂಗಳ ಒಂದು ಭಾನುವಾರ ಮುದ್ದೆ ಮುಖ ತಿರುಗಿಸಿತು. ಆವತ್ತೂ ಮಗಳು ಕೇಳಿದಳು. ಕಾತ್ಯಾಯಿನಿ "ಇಲ್ಲ" ಎಂದು ಬರೆದಳು, ಅಳಿಸಿದಳು, "ತಿಂತು" ಎಂದು ಕಳಿಸಿದಳು. ಅಮೃತ್ ಬಂದು ಹಾವನ್ನು ಒಯ್ದರೆ ಭಾನುವಾರದ ಮೆಸೇಜೂ ಅದರ ಜೊತೆಗೇ ಹೋಗುತ್ತದೆ. ಒಂದು ಸುಳ್ಳಿಗೆ ಹತ್ತು ಸುಳ್ಳು ಎನ್ನುತ್ತಾರೆ. ಇಲ್ಲಿ ಅಷ್ಟೂ ಬೇಕಾಗಲಿಲ್ಲ, ಅದೊಂದನ್ನೇ ಹತ್ತು ಸಲ ಹೇಳಿದರೆ ಸಾಕಾಯಿತು.

ಸುಮ್ಮನೆ ಕೂತಳೆಂದಲ್ಲ. ದೀಪದ ಬಿಸಿ ಏರಿಸಿದಳು. ಪೆಟ್ಟಿಗೆಗೆ ಹಳೆಯ ಸೀರೆ ಹೊದಿಸಿ ಕತ್ತಲು ಮಾಡಿದಳು. ಚಿಕ್ಕ ಇಲಿ ತಂದಳು, ದೊಡ್ಡದು ತಂದಳು. "ತಿನ್ನೋ ಮಾರಾಯ, ನಿನ್ನ ದಮ್ಮಯ್ಯ" ಎಂದು ಗಾಜಿಗೆ ಮುಖವಿಟ್ಟು ಬೇಡಿದಳು. ಹಿಟ್ಟು ತೂಗುವ ತಕ್ಕಡಿಯಲ್ಲಿ ಹಾವನ್ನು ಇಟ್ಟಾಗಲೆಲ್ಲ ತೂಕ ಇನ್ನಷ್ಟು ಇಳಿದಿರುತ್ತಿತ್ತು.

"ಡಾಕ್ಟರಿಗೆ ತೋರ್ಸೇ, ನಾನೇ ಡ್ರೈವ್ ಮಾಡ್ತೀನಿ" ಎಂದಳು ಜಾನ್ಸ್ ಕ್ರೀಕ್‌ನ ಗೆಳತಿ ನೀರಜಾ. ಆದರೆ ಕ್ಲಿನಿಕ್ಕಿನಲ್ಲಿ ಮುದ್ದೆಯ ಫೈಲಿಗೆ ಕೊಟ್ಟಿದ್ದು ನಿಧಿಯ ನಂಬರು. ಅವರು ಮೊದಲು ಫೋನ್ ಮಾಡುವುದೇ ಅವಳಿಗೆ. ಬೇರೆ ಡಾಕ್ಟರನ್ನು ಹುಡುಕಬಹುದಿತ್ತು. ಕಾತ್ಯಾಯಿನಿ ಹುಡುಕಲಿಲ್ಲ. ಮುಂದಿನ ವಾರ ತಿಂದೇ ತಿನ್ನುತ್ತದೆ ಎಂದುಕೊಂಡಳು.

ಅಕ್ಟೋಬರಿನಲ್ಲಿ ಮೆಸೇಜು ಬಂತು: "ಶನಿವಾರ ಬರ್ತೀನಿ. ಎರಡು ದಿನ ಇರ್ತೀನಿ."

ಹೇಳಬೇಕಾದದ್ದನ್ನು ಕಾತ್ಯಾಯಿನಿ ವಾರವೆಲ್ಲ ಉರುಹೊಡೆದಳು. ಬಾಗಿಲು ತೆರೆದರೆ ಮಗಳು ಅಪ್ಪಿಯೇಬಿಟ್ಟಳು. "ಐ ವಾಸ್ ಸೋ ಮೀನ್, ಅಮ್ಮ. ನೀನು ಇಲಿ ಮುಟ್ತಿರೋದು ನಂಗೋಸ್ಕರ ಅಂತ ಗೊತ್ತು. ಅದಕ್ಕೇ ಬಂದೆ." ಒಂಬತ್ತು ತಿಂಗಳ ಮೇಲೆ ಸಿಕ್ಕ ಆ ಅಪ್ಪುಗೆಯಲ್ಲಿ ಕಾತ್ಯಾಯಿನಿ ಉರುಹೊಡೆದ ಮಾತನ್ನು ನುಂಗಿಕೊಂಡಳು. ಇನ್ನೊಂದು ನಿಮಿಷ ಇರಲಿ ಅನ್ನಿಸಿತು. ಅಷ್ಟರಲ್ಲಿ ನಿಧಿ ಒಳಗೆ ಹೋಗಿ ಪೆಟ್ಟಿಗೆಯ ಮೇಲಿನ ಸೀರೆ ಸರಿಸಿದ್ದಳು.

ಹಾವಿನ ಬೆನ್ನುಮೂಳೆ ಏಣಿನಂತೆ ಎದ್ದು ಕಾಣುತ್ತಿತ್ತು. ಪಕ್ಕೆಯ ಚರ್ಮ ಜೋಲುಬಿದ್ದಿತ್ತು.

"ಯಾವಾಗಿಂದ?"

"ಮೇ ತಿಂಗಳಿಂದ."

 ನಿಧಿ ಮುದ್ದೆಯನ್ನು ದಿಂಬಿನ ಚೀಲದಲ್ಲಿಟ್ಟುಕೊಂಡು ಕಾರು ಹತ್ತಿದಳು. ಕಾತ್ಯಾಯಿನಿ ಕರೆಯದಿದ್ದರೂ ಹೋಗಿ ಪಕ್ಕದಲ್ಲಿ ಕೂತಳು. ಡುಲುತ್‌ನ ಕ್ಲಿನಿಕ್ಕಿನ ಡಾಕ್ಟರು ಪರೀಕ್ಷೆ ಮುಗಿಸಿ, ಮೂತ್ರಪಿಂಡಗಳು ಹೋಗಿವೆ, ಎರಡು ತಿಂಗಳು ಮೊದಲೇ ತಂದಿದ್ದರೆ ಏನಾದರೂ ಮಾಡಬಹುದಿತ್ತು, ಈಗ ನರಳದಂತೆ ಇಂಜೆಕ್ಷನ್ ಕೊಡುವುದೊಂದೇ ದಾರಿ ಎಂದರು. ನಿಧಿ ಸಹಿ ಹಾಕಿದಳು. "ನಾನೂ ಒಳಗೆ ಬರ್ತೀನಿ ಕಣೇ" ಎಂದು ಕಾತ್ಯಾಯಿನಿ ಎದ್ದರೆ, "ಬೇಡ" ಎಂದಳು.

ಇಬ್ಬರೂ ಕಮ್ಮಿಂಗ್‌ಗೆ ಮರಳಿದರು. ಮನೆಯ ಮುಂದೆ ನಿಧಿ ಕಾರು ನಿಲ್ಲಿಸಿದಳು, ಎಂಜಿನ್ ಆಫ್ ಮಾಡಲಿಲ್ಲ. ಎರಡು ದಿನಕ್ಕೆಂದು ತಂದ ಅವಳ ಬ್ಯಾಗು ಹಿಂದಿನ ಸೀಟಿನಲ್ಲೇ ಇತ್ತು.

"ಬೈಯೇ. ಬಾಯಿಗೆ ಬಂದ ಹಾಗೆ ಬೈದುಬಿಡು" ಎಂದಳು ಕಾತ್ಯಾಯಿನಿ. "ತಿಂತಿಲ್ಲ ಅಂದಿದ್ರೆ ಅಮೃತ್ ಬಂದು ತಗೊಂಡ್ ಹೋಗ್ತಿದ್ದ. ಆಮೇಲೆ ನೀನು ನಂಗೆ ಯಾಕೆ ಬರೀತಿದ್ದೆ?"

ನಿಧಿ ತಾಯಿಯತ್ತ ತಿರುಗಿದಳು. ಆ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಕಾತ್ಯಾಯಿನಿ ಹೇಗೋ ತಡೆದುಕೊಳ್ಳುತ್ತಿದ್ದಳು.

"ಅಮೃತ್ ಅಂತ ಸಿಟ್ಟಲ್ಲಿ ಅಂದೆ ಅಷ್ಟೇ, ಅಮ್ಮ. ನೀನು ಇಲ್ಲ ಅಂದಿದ್ರೆ, ಆವತ್ತೇ ನಾನೇ ಮನೆಗೆ ಬಂದ್ಬಿಡ್ತಿದ್ದೆ."

ಕಾತ್ಯಾಯಿನಿ ಕೆಳಗಿಳಿದಳು. ಕಾರು ಹಿಂದಕ್ಕೆ ಸರಿದು ರಸ್ತೆಗೆ ತಿರುಗಿತು.