ಪೂರ್ವಿಯ ನಾಲ್ಕನೇ ಪ್ರಶ್ನೆ

ಮಾಲವಿಕಾ ಕಾವಲಿಯ ಮೇಲಿನ ದೋಸೆ ಮಗುಚುತ್ತಿದ್ದಳು. ಬೆನ್ನ ಹಿಂದೆ ತಮ್ಮ ಅಭಿಷೇಕ ಆಡಿದ ಮಾತು ಕೇಳಿ ಕೈ ನಿಂತಿತು.

"ಅಜ್ಜ ಮೈಸೂರಿಗೆ ಹೋಗಿದಾರೆ ಪುಟ್ಟಿ. ಬರೋದು ತುಂಬಾ ದಿನ ಆಗುತ್ತೆ."

ಒಲೆ ಆರಿಸಿ ತಿರುಗಿದಳು. "ಮಾಮ ಹೇಳಿದ್ದು ನಿಜ ಅಲ್ಲ ಕಂದ."

ಆರು ವರ್ಷದ ಪೂರ್ವಿ ಅಮ್ಮನ ಕಾಲು ತಬ್ಬಿಕೊಂಡಳು. ಅಜ್ಜ ತೀರಿಕೊಂಡ ನಾಲ್ಕು ದಿನದಿಂದ ಹೀಗೇ; ಮಾತೂ ಬರೀ ಪಿಸುಮಾತು. ಬಚ್ಚಲಿಗೂ ಅಮ್ಮ ಒಬ್ಬಳೇ ಹೋಗುವಂತಿಲ್ಲ.

"ಬ್ರಿಸ್ಬೇನಿಂದ ಬಂದಿದ್ದು ನಿನ್ ಹತ್ರ ಬೈಸ್ಕೊಳೋಕಾ?" ಅಭಿಷೇಕ ಗೊಣಗಿದ. "ಪಾಪ ಮಗು ಕಣೇ. ಫ್ಯೂನರಲ್‌ಗೆ ಬೇಡ, ಪಕ್ಕದ್ಮನೇಲಿ ಬಿಡೋಣ."

"'ಅಜ್ಜ ಯಾಕೆ ಕೋಲ್ಡ್' ಅಂದ್ಳು. 'ನಿದ್ದೇನಾ' ಅಂದ್ಳು. 'ವಾಪಸ್ ಬರ್ತಾರಾ' ಅಂದ್ಳು. ಮೂರಕ್ಕೂ ನಿಜಾನೇ ಹೇಳಿದೀನಿ. ಇನ್ನೊಂದು ಪ್ರಶ್ನೆ ಇವಳ ಗಂಟಲಲ್ಲೇ ಕೂತಿದೆ ಅಭಿ. ಅದು ಹೊರಗೆ ಬರೋವರ್ಗೂ ಇವಳಿಗೆ ನೆಮ್ಮದಿ ಇಲ್ಲ."

"ಏನದು?"

"ಅವಳೇ ಕೇಳ್ಬೇಕು."

*

ಅಡಿಲೇಡಿನಲ್ಲಿ ತಾಯಿ ಜಯಲಕ್ಷ್ಮಿ ತೀರಿಕೊಂಡಾಗ ಮಾಲವಿಕಾಗೆ ಏಳು ವರ್ಷ; ಅಭಿಷೇಕ ತೊಟ್ಟಿಲ ಕೂಸು. ಅಂದು ತಂದೆ, ಡಾಕ್ಟರ್ ರಾಜಗೋಪಾಲ, ಹೇಳಿದ್ದೂ ಇದನ್ನೇ: ಅಮ್ಮ ಮೈಸೂರಿಗೆ ಹೋಗಿದ್ದಾಳೆ. ಎರಡು ವರ್ಷ ಅವಳು ವಿಮಾನದ ಸದ್ದಾದಾಗಲೆಲ್ಲ ಅಂಗಳಕ್ಕೆ ಓಡಿದಳು. ಕೊನೆಗೊಂದು ಸಂಜೆ ಅವರು ಅಲ್ಲೇ ಅವಳ ಪಕ್ಕ ಕುಕ್ಕರಿಸಿ, ನಿಜ ಹೇಳಿ, ಮಗಳೆದುರು ಅತ್ತುಬಿಟ್ಟರು.

ಆಮೇಲೆ ಯಾವ ರೋಗಿಗೂ ಅವರು ಸುಳ್ಳು ಹೇಳಲಿಲ್ಲ. ಅವಸರದಿಂದ ನಿಜವನ್ನೂ ಎರಚಲಿಲ್ಲ. ಕುರ್ಚಿ ಎಳೆದು ಕೂತು, ರೋಗಿ ತಾನಾಗಿಯೇ ಕೇಳುವವರೆಗೆ ಕಾಯುತ್ತಿದ್ದರು.

"ಸಮುದ್ರ ದಡದಿಂದ ಮೆಲ್ಲಮೆಲ್ಲಗೆ ಆಳ ಆಗುತ್ತೆ, ಸತ್ಯಾನೂ ಹಾಗೇ ಅಂದ ಬುದ್ಧ. ಯಾರನ್ನೂ ತಳ್ಬೇಡಮ್ಮ. ಇಳಿಯೋರ ಕೈ ಮಾತ್ರ ಬಿಡ್ಬೇಡ," ಎಂದು ಮಗಳಿಗೂ ಹೇಳುತ್ತಿದ್ದರು.

*

ನಿವೃತ್ತರಾಗಿ ಪರ್ತ್ ನಗರದ ಜೂಂಡಲಪ್ ಬಡಾವಣೆಗೆ, ಮಗಳ ಮನೆಗೆ, ಬಂದ ಮೇಲೂ ಅವರು ಬದಲಾಗಿರಲಿಲ್ಲ. ಚಿತಾಗಾರದ ಸಭಾಂಗಣದಲ್ಲಿ ಎದುರುಮನೆಯ ನಾಗವೇಣಿ ಆಂಟಿ ಕಣ್ಣೊರೆಸಿಕೊಳ್ಳುತ್ತ ಅದನ್ನೇ ಹೇಳುತ್ತಿದ್ದರು.

"ನಾನ್ ಕೇಳೋವರ್ಗೂ ನನ್ ಬಿಪಿ ಎಷ್ಟೂಂತ ಹೇಳ್ತಿರ್ಲಿಲ್ಲ ಪುಣ್ಯಾತ್ಮ. ಕೇಳಿದ್ರೆ ಒಂದ್ ಪಾಯಿಂಟೂ ಬಿಡ್ತಿರ್ಲಿಲ್ಲ! ಕೇಳಿದ್ ದಿನದಿಂದ ಉಪ್ಪಿನಕಾಯಿ ಮುಟ್ಟಿಲ್ಲ ನೋಡಿ."

ಸುತ್ತಲಿದ್ದವರು ಅಳುತ್ತಲೇ ನಕ್ಕರು. ಅಷ್ಟರಲ್ಲಿ ಪೂರ್ವಿ ಅಮ್ಮನನ್ನು ಬಿಟ್ಟು ತೆರೆದ ಪೆಟ್ಟಿಗೆಯತ್ತ ನಡೆದಿದ್ದಳು.

"ಅಯ್ಯೋ, ಮಗೂನ ಆಚೆ ಕರ್ಕೊಂಡ್ಹೋಗಿ!"

"ಇರ್ಲಿ ಬಿಡಿ ಆಂಟಿ," ಎಂದ ಅಭಿಷೇಕ. ತಾನೇ ಪಕ್ಕಕ್ಕೆ ಸರಿದು ದಾರಿ ಕೊಟ್ಟ.

ಪೂರ್ವಿ ಅಜ್ಜನ ಕೈಮೇಲೆ ಅಂಗೈ ಇಟ್ಟಳು. ಬಹಳ ಹೊತ್ತು ಇಟ್ಟೇ ಇದ್ದಳು. ಮಾಲವಿಕಾಳ ತುಟಿಯವರೆಗೆ ಹತ್ತು ಸಮಾಧಾನದ ಮಾತು ಬಂದವು. ಎಲ್ಲವನ್ನೂ ನುಂಗಿಕೊಂಡು, ಮಗಳ ಎತ್ತರಕ್ಕೆ ಮಂಡಿಯೂರಿ ಕಾದಳು.

ಪೂರ್ವಿ ತಿರುಗಿದಳು. ನಾಲ್ಕು ದಿನದ ಪಿಸುಮಾತಲ್ಲ, ಕೊನೆಯ ಸಾಲಿಗೂ ಕೇಳುವ ಗಟ್ಟಿ ದನಿ:

"ಅಮ್ಮಾ, ಒಂದಿನ ನೀನೂ ಸಾಯ್ತೀಯಾ?"