ಯಜಮಾನ್ರು ಇಲ್ವಾ?

ಹನುಮಮ್ಮ ಸತ್ತ ಸೊಸೆ ಮಮತಾಳ ಬೆರಳುಗಳಿಗೆ ಅರಿಶಿನ ತಿಕ್ಕುತ್ತಲೇ ಇದ್ದರು. ತುದಿಯ ಕಪ್ಪು ಕಲೆ ಹೋಗಲೊಲ್ಲದು.

"ಅದು ಹೋಗಲ್ಲಮ್ಮ, ಬೆಸುಗೆ ಹಾಕೋವಾಗ ಸುಟ್ಟಿದ್ದು," ಅಂದಳು ರಮ್ಯ. ಆರು ವರ್ಷ ಮಮತಕ್ಕನ ಪಕ್ಕ ಕೂತು ಕೆಲಸ ಕಲಿತವಳು ಅವಳು.

"ಹೌದಾ? ನಾನು ಒಲೇಲಿ ಸುಟ್ಕಂಡಿದಾಳೆ ಅನ್ಕಂಡಿದ್ದೆ." ಅತ್ತೆ ಹಸಿರು ಬಳೆ ತೊಡಿಸಿದರು. "ಮುತ್ತೈದೆ ಸಾವು. ಪುಣ್ಯ ಮಾಡಿದ್ಲು."

ನಲವತ್ತೊಂದಕ್ಕೆ ಎದೆ ಹಿಡಿದುಕೊಂಡು ಬಿದ್ದವಳ ಪುಣ್ಯ ಎಂಥದ್ದೋ! ರಮ್ಯಳಿಗೆ ಮೈಯೆಲ್ಲ ಉರಿಯಿತು.

ಅಂಗಳದಲ್ಲಿ ಮಮತಾಳ ಮೈದುನ ರಾಜು ಫ್ಲೆಕ್ಸ್ ಕಟ್ಟುತ್ತಿದ್ದ. 'ಶ್ರೀ ಯತೀಶ ಅವರ ಧರ್ಮಪತ್ನಿ.' ರಮ್ಯ ಬರೆದುಕೊಟ್ಟಿದ್ದು 'ಮೊಬೈಲ್ ಸ್ಟಾರ್ಟರ್ ಅಂಗಡಿಯ ಮಾಲೀಕರು' ಎಂದು.

"ನಾನು ಬರ್ದಿದ್ದು ಏನಾಯ್ತಣ್ಣಾ?"

"ಹೆಂಗಸಿಗೆ ಮಾಲೀಕರು ಅಂತ ಹಾಕಿದ್ರೆ, ನಮ್ಮಣ್ಣ ಏನು ಅಲ್ಲಿ ಕೂಲಿಯವನಾ?"

*

ಫೋನ್ ಮಾಡಿದರೆ ಹೊಲದ ಮೋಟರ್ ತಾನೇ ಶುರುವಾಗುವ ಪೆಟ್ಟಿಗೆಯನ್ನು ಮಮತಾ ಮಾಡಿದ್ದು ಎಂಟು ವರ್ಷದ ಹಿಂದೆ. ಸಾಲ ಕೇಳಲು ಹೋದರೆ ಬ್ಯಾಂಕಿನವನು, "ಯಜಮಾನ್ರನ್ನ ಕರ್ಕೊಂಡ್ ಬನ್ನಿ" ಅಂದ. ಮರುದಿನ ಗಂಡನ ಜೊತೆ ಹೋಗಿ ಅರ್ಧ ಗಂಟೆ ವಿವರಿಸಿದಳು. ಎಲ್ಲ ಕೇಳಿ ಅವನು ಯತೀಶನ ಕೈ ಕುಲುಕಿದ.

"ಒಳ್ಳೇ ತಲೆ ಸಾರ್ ನಿಮ್ದು."

ಯತೀಶ ನಕ್ಕ, ನನ್ನದಲ್ಲ ಅನ್ನಲಿಲ್ಲ. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾದ ಹಾಗೆ ಸಾಲದ, ಅಂಗಡಿಯ ಕಾಗದವೆಲ್ಲ ಅವನ ಹೆಸರಿಗಾಯಿತು. ಶಿಕಾರಿಪುರದ ಅಂಗಡಿಗೆ ಬಂದವರೂ ಮಮತಾಳ ಮುಖ ನೋಡಿ "ಯಜಮಾನ್ರು ಇಲ್ವಾ?" ಎಂದೇ ಕೇಳುವರು. ಅವಳು ರಮ್ಯಳ ಕಡೆ ಕಣ್ಣು ಮಿಟುಕಿಸಿ, "ಇದಾರೆ, ಕೂತ್ಕೊಳ್ಳಿ" ಅಂದು ತಾನೇ ಪೆಟ್ಟಿಗೆ ಬಿಚ್ಚುವಳು.

*

ಹೆಣ ಎತ್ತುವ ಹೊತ್ತಿಗೆ ಬಳ್ಳಿಗಾವಿಯ ರೈತ ಬೆನಕಪ್ಪ ಕೆಟ್ಟುಹೋದ ಸ್ಟಾರ್ಟರ್ ಪೆಟ್ಟಿಗೆಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದ. ಅಂಗಡಿ ಮುಚ್ಚಿದ್ದು ನೋಡಿ ಮನೆಗೇ ಬಂದಿದ್ದ. ಬೀದಿಯಲ್ಲೇ ರಮ್ಯ ಸಿಕ್ಕಳು.

"ಏನವ್ವಾ ಇಷ್ಟು ಜನ? ಯಜಮಾನ್ರು ಎಲ್ಲಿ?"

ರಮ್ಯಳಿಗೆ ತಡೆದುಕೊಳ್ಳಲಾಗಲಿಲ್ಲ. "ಯಜಮಾನ್ರು ತೀರ್ಕೊಂಡ್ರು. ಇವತ್ತೇ ಮಣ್ಣು."

"ಅಯ್ಯೋ! ಮೊನ್ನೆ ಮಾತಾಡ್ಸಿದ್ನಲ್ಲೋ ಶಿವನೇ!"

ಬೆನಕಪ್ಪ ಎದೆ ಬಡಿದುಕೊಂಡು ಜನರ ನಡುವೆ ನುಗ್ಗಿದ. ಹಸಿರು ಬಳೆಯ ಕೈ ಕಂಡ. ಪಕ್ಕದಲ್ಲಿ ನಿಂತಿದ್ದ ಯತೀಶನನ್ನೂ ಕಂಡ.

"ಅಬ್ಬಾ, ಇದಾರಲ್ಲ! ಆ ಹುಡುಗಿ ನನ್ ಜೀವಾನೇ ಹಾರಿಸಿಬಿಟ್ಲು." ಪೆಟ್ಟಿಗೆಯನ್ನು ಯತೀಶನ ಕೈಗಿಟ್ಟ. "ನಿಧಾನಕ್ಕೆ ನೋಡಿ ಯಜಮಾನ್ರೆ, ಇವತ್ತೇ ಬೇಡ."

ಚಟ್ಟ ಎದ್ದಿತು. ಯತೀಶ ಪೆಟ್ಟಿಗೆಯನ್ನು ತಿರುಗಿಸಿ, ಮಗುಚಿ, ಮುಚ್ಚಳ ಯಾವ ಕಡೆಯೆಂದು ಹುಡುಕುತ್ತ ನಿಂತಿದ್ದ.